ಮದ್ದಿಲ್ಲದೆ ಬಡಿದ ಯಂತ್ರ

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವಳು ನಾನು. ನಮ್ಮತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ, ಮನೆಮಂದಿಗೆಲ್ಲ ಕೆಮ್ಮು ಬರುವುದೊಂದೇ ಲಾಭ ಎಂದು ಛೇಡಿಸುತ್ತಿದ್ದೆ. ಈಗಲೂ ಅದನ್ನೆಲ್ಲ ನಂಬುವುದಿಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ನಿಮಗೇನಾದರೂ ಹೊಳೆದರೆ ಹೊಳೆಯಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಯನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಸ್ಕ್ಯಾನ್ ಟೆಕ್ನೀಷಿಯನ್. ವಿಕಿರಣ ಸೂಸುವ ಮದ್ದನ್ನು ರೋಗಿಗೆ ಚುಚ್ಚುತ್ತಿದ್ದೆವು. ಅದು ಮೂಳೆಯಲ್ಲಿ ಎಲ್ಲಿ ಹೆಚ್ಚು ಸೇರುತ್ತದೋ ಅಲ್ಲಿ, ಮೈಮೇಲೆ ಆಚೀಚೆ ಓಡಾಡುವ ಯಂತ್ರ ಟಕಟಕ ಬಡಿದು ಕಾಗದದ ಮೇಲೆ ಚುಕ್ಕೆ ಹಾಕುತ್ತಿತ್ತು. ಮಕ್ಕಳು ಆ ಯಂತ್ರ ಕಂಡರೆ ಹೆದರಿ ಅಳುತ್ತಿದ್ದರು. ಅದಕ್ಕೇ ಮದ್ದು ಕೊಡುವ ಮೊದಲು ಅವರನ್ನು ಸುಮ್ಮನೆ ಮಲಗಿಸಿ ಒಮ್ಮೆ ಓಡಿಸುವುದು ನಮ್ಮ ಪದ್ಧತಿ. 'ಸುಳ್ಳು ಸ್ಕ್ಯಾನ್' ಎನ್ನುತ್ತಿದ್ದೆವು. ಮದ್ದಿಲ್ಲವಾದ್ದರಿಂದ ಆಗ ಯಂತ್ರ ಬಡಿಯುತ್ತಿರಲಿಲ್ಲ.

ಅರೆಕೆರೆಯ ಜಯಮ್ಮ ಮೂರು ವರ್ಷದ ಮಗಳು ಸಾವಿತ್ರಿಯನ್ನು ಕರೆತಂದರು. ಮಗುವಿನ ಬೆನ್ನುಮೂಳೆಯ ಬುಡದಲ್ಲಿ ಟೆರಟೋಮಾ ಗಡ್ಡೆ. ಒಳಗೆ ಕೂದಲು, ಮೂಳೆ, ಹಲ್ಲಿನ ಚೂರು ಕೂಡ ಇರಬಹುದಾದ ಜಾತಿಯದು. ಬೇರೆ ಮೂಳೆಗೆ ಹರಡಿಲ್ಲವೆಂದು ಖಾತ್ರಿಯಾದರೆ ತೆಗೆದುಹಾಕಬಹುದಿತ್ತು, ಮಗು ಬದುಕುವ ಆಸೆಯಿತ್ತು.

ಸುಳ್ಳು ಸ್ಕ್ಯಾನಿಗೆ ಮಲಗಿಸಿದೆ. ಜಯಮ್ಮ ಮಗುವಿನ ಕಾಲು ಹಿಡಿದು ನಿಂತಿದ್ದರು. ಎಡಭುಜದ ಮೇಲೆ ಬಂದದ್ದೇ ಯಂತ್ರ ಟಕಟಕ ಬಡಿಯತೊಡಗಿತು. ಭುಜ ದಾಟಿದರೆ ಸದ್ದಿಲ್ಲ, ಹಿಂದಿರುಗಿದರೆ ಮತ್ತೆ ಶುರು. ಹಿಂದಿನ ರೋಗಿಯ ಮದ್ದು ಎಲ್ಲೋ ತಾಗಿರಬೇಕೆಂದು ಹಾಸು ಬದಲಿಸಿದೆ, ಅಂಗಿ ತೆಗೆಸಿ ಮೈ ಒರೆಸಿದೆ, ಕೈಯಲ್ಲಿ ಹಿಡಿಯುವ ವಿಕಿರಣ ಮಾಪಕದಿಂದಲೂ ನೋಡಿದೆ. ಏನೂ ಇರಲಿಲ್ಲ. ಯಂತ್ರ ಮಾತ್ರ ಅಲ್ಲೇ ಬಡಿಯಿತು. ನನಗೆ ನಿಜಕ್ಕೂ ಭಯವಾಯಿತು.

ಡಾಕ್ಟರನ್ನು ಕರೆತಂದೆ. ಅವರು ಬರುವಷ್ಟರಲ್ಲಿ ಸದ್ದು ನಿಂತಿತ್ತು.

"ಮದ್ದೇ ಕೊಟ್ಟಿಲ್ವಲ್ರೀ, ಏನ್ ಬಡಿಯತ್ತೆ? ವೈರ್ ಲೂಸ್ ಆಗಿರ್ಬೇಕು, ನೋಡ್ಸಿ," ಎಂದರು.

ಅವರು ಹೇಳಿದ್ದು ಸರಿಯೇ. ಜಯಮ್ಮನಿಗೂ ನಾನು ಅದನ್ನೇ ಹೇಳಿದೆ. ರಿಪೇರಿಯವರು ಬಿಚ್ಚಿ ನೋಡಿ ಏನೂ ಕೆಟ್ಟಿಲ್ಲ ಎಂದರು. ಮರುದಿನ ಮದ್ದು ಕೊಟ್ಟು ನಿಜವಾದ ಸ್ಕ್ಯಾನ್ ಮಾಡಿದಾಗ ಗಡ್ಡೆಯ ಜಾಗ ಬಿಟ್ಟು ಬೇರೆಲ್ಲೂ ತೊಂದರೆ ಕಾಣಲಿಲ್ಲ. ಭುಜ ಚೆನ್ನಾಗಿತ್ತು. ಖುಷಿಗೆ ಜಯಮ್ಮನನ್ನು ಕ್ಯಾಂಟೀನಿಗೆ ಕರೆದೊಯ್ದು ಕಾಫಿ ಕುಡಿಸಿದೆ. ಆಪರೇಷನ್ ಆಯಿತು, ಮಗು ನಡೆದುಕೊಂಡೇ ಮನೆಗೆ ಹೋಯಿತು.

ಮುಂದಿನ ಯುಗಾದಿಯ ಹೊತ್ತಿಗೆ ಅವಳನ್ನು ಹೊತ್ತು ತಂದರು. ಎಡಗೈ ಎತ್ತಲು ಆಗುತ್ತಿರಲಿಲ್ಲ. ಮದ್ದು ಕೊಟ್ಟು ಮಲಗಿಸಿದೆವು. ಎಡಭುಜದಲ್ಲಿ, ಅವತ್ತು ಬಡಿದ ಜಾಗದಲ್ಲೇ, ಚುಕ್ಕೆಗಳು ಒತ್ತಾಗಿ ಕಪ್ಪುಗಟ್ಟಿದವು. ಡಾಕ್ಟರು ನೋಡಿ ಕಾಗದವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ಇನ್ನು ಮಾಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಇಲ್ಲದ ಮದ್ದಿಗೆ, ಇನ್ನೂ ಬಾರದ ರೋಗಕ್ಕೆ ಯಂತ್ರ ಬಡಿಯುವುದು ಸಾಧ್ಯವೇ ಇಲ್ಲ. ಕಾಕತಾಳೀಯ ಎಂದುಕೊಂಡು ಎಷ್ಟೋ ಸಲ ಮಲಗಲು ನೋಡಿದ್ದೇನೆ, ನಿದ್ದೆ ಬಂದಿಲ್ಲ.

ಜಯಮ್ಮ ಆ ದಿನ ಕಾಗದದ ಕಡೆ ನೋಡಲೇ ಇಲ್ಲ. ನನ್ನ ಮುಖ ನೋಡಿ ಕೇಳಿದರು:

"ಅವತ್ತೂ ಇಲ್ಲೇ ಅಲ್ವೇನಕ್ಕ ಬಡ್ದಿದ್ದು? ಮಿಷಿನ್ ಕೆಟ್ಟೈತೆ ಅಂತ ಯಾಕಂದ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.