ಸೀಸೆಯೊಳಗಿನ ಮಣ್ಣು

ನನಗೆ ಬಳೆ ತೊಡಿಸುತ್ತಿದ್ದ ಕಮಲಾಪುರದ ಮುದುಕ ಬಳೆಗಾರ ನನ್ನ ಕೈ ಬಿಟ್ಟು, ನೆರೆಮನೆಯ ಬೀಬಿ ತಂದು ತೋರಿಸಿದ ಅತ್ತರಿನ ನೀಲಿ ಸೀಸೆಯನ್ನು ಬಿಸಿಲಿಗೆ ಹಿಡಿದ. ನಿಜಾಮರ ಕುದುರೆ ಪಡೆಯಲ್ಲಿ ಈಜಿಪ್ಟಿಗೆ ಹೋಗಿ, ಮಹಾಯುದ್ಧದಲ್ಲಿ ಅಲ್ಲೇ ತೀರಿಕೊಂಡ ಬೀಬಿಯ ಗಂಡನ ಗಂಟಿನಲ್ಲಿ ಬಂದದ್ದು ಅದು. ಒಳಗೆ ಅಂಟಿದ್ದ ಮಣ್ಣು ಗಂಡನ ಗೋರಿಯದೆಂದೇ ನಂಬಿದ್ದ ಬೀಬಿ ಅದನ್ನು ಒಮ್ಮೆಯೂ ತೊಳೆದಿರಲಿಲ್ಲ.

ಬಳೆಗಾರನಿಗೆ ಇದೇನು ಗೊತ್ತು? ಒಂದು ಕಾಲಕ್ಕೆ ತಾನೇ ಗಾಜು ಕಾಯಿಸಿದವನು, ಖುಷಿಯಲ್ಲಿ ಹೇಳಿಯೇಬಿಟ್ಟ: “ಇದು ಊದಿ ಮಾಡಿದ್ದಲ್ರಿ, ಭಾಳ ಹಳೇದು, ಗಾಜು ಊದೂದೇ ಗೊತ್ತಿರದ ಕಾಲದ್ದು. ಲೋಹದ ಸಳಿ ತುದಿಗೆ ಮಣ್ಣಿನ ಅಚ್ಚು ಮಾಡಿ, ಅದರ ಮ್ಯಾಲ ಕಾದ ಗಾಜು ನೂಲಿನಂಗ ಸುತ್ಯಾರ. ಆರಿದ ಮ್ಯಾಲ ಮಣ್ಣು ಕೆರದು ತಗದಾರ. ಮೂಲ್ಯಾಗ ಕಡ್ಡಿ ಮುಟ್ಟದಿದ್ದ ಮಣ್ಣು ಹಂಗೇ ಉಳದದ ನೋಡ್ರಿ.”

ನಾನು ತಲೆ ಎತ್ತಲಿಲ್ಲ. ಬೀಬಿ ಸೀಸೆಯನ್ನು ವಾಪಸು ತೆಗೆದುಕೊಂಡು, ಸೆರಗಿನಲ್ಲಿ ಒರೆಸಿದರು. ಆಮೇಲೆ, “ಕಾಕಾ, ಇದನ್ನ ಮಾಡಿದಾಂವನ ಹೆಸರು ಯಾರಿಗರ ಗೊತ್ತದೇನ್ರಿ?” ಎಂದು ಕೇಳಿದರು. ಬಳೆಗಾರ ಇಲ್ಲವೆಂದು ತಲೆಯಾಡಿಸಿದ.

ಸೀಸೆ ಅವರ ಮನೆಯ ಗೋಡೆಗೂಡಿನಲ್ಲೇ ಇದೆ, ಇಂದಿಗೂ ತೊಳೆದಿಲ್ಲ. ಗುರುವಾರ ಸಂಜೆ ಗಂಡನ ಹೆಸರಿಗೆ ಒಂದು ಊದಿನಕಡ್ಡಿ ಹಚ್ಚುತ್ತಿದ್ದ ಬೀಬಿ ಈಗ ಎರಡು ಹಚ್ಚುತ್ತಾರೆ.