ರಿಸೀವರ್‌ಗೆ ಹಚ್ಚಿದ ವಿಭೂತಿ

ಇವತ್ತು ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ವಿಭೂತಿ ಕಲಸುವಾಗ ಬೈರಿದೇವರಕೊಪ್ಪದ ನಮ್ಮ ಹಳೆಯ ಮನೆ ನೆನಪಾಯಿತು.

ಮಾಳಿಗೆಯ ಮೇಲೆ ಕಾಕಾ ಎರಡು ಡಿಶ್ ನಿಲ್ಲಿಸಿದ್ದರು. ಒಂದರಲ್ಲಿ ಅಜ್ಜಿಯ ವಚನ ಗಾಯನ, ಇನ್ನೊಂದರಲ್ಲಿ ಕಾಕಾನ ಕ್ರಿಕೆಟ್. ಯಾವ ಡಿಶ್ ಬೇಕೆಂದು ಟಿವಿ ಪಕ್ಕದ ರಿಸೀವರ್ ಸಿಗ್ನಲ್ ಕಳಿಸಿದರೆ ಮೇಲಿದ್ದ ಸಣ್ಣ ಸ್ವಿಚ್ ಅತ್ತ ಹೊರಳುತ್ತಿತ್ತು. ಆ ಸೆಟ್ಟಿಂಗ್ ಇಡೀ ಓಣಿಯಲ್ಲಿ ತಮಗೊಬ್ಬರಿಗೇ ಗೊತ್ತು ಎಂಬುದು ಅವರ ಹೆಮ್ಮೆ.

ಅಂದು ಖಂಡೇಪೂಜೆ. ಹೊಲಿಗೆ ಮಷಿನ್‌ನಿಂದ ಹಿಡಿದು ಮಿಕ್ಸರ್‌ವರೆಗೆ ಎಲ್ಲಕ್ಕೂ ಅಜ್ಜಿ ವಿಭೂತಿ ಹಚ್ಚಿದ್ದಳು. ಮ್ಯಾಚ್ ನೋಡಲು ಓಣಿಯವರೆಲ್ಲ ಬಂದು ಕೂತರು. ಟಿವಿಯಲ್ಲಿ ವಚನ ನಡೆದಿತ್ತು. ಕಾಕಾ ರಿಮೋಟ್ ಎಷ್ಟು ಒತ್ತಿದರೂ ಅದು ಬದಲಾಗಲಿಲ್ಲ.

"ಸಿಗ್ನಲ್ ಸ್ವಿಚ್ಚಿಗೆ ಮುಟ್ಟವಲ್ದು," ಎಂದು ಮಾಳಿಗೆ ಹತ್ತಿದರು. ವೈರು ಬಿಚ್ಚಿ, ಮತ್ತೆ ಜೋಡಿಸಿ ಇಳಿದು ಬಂದರೂ ವಚನವೇ. ಮೂರನೆಯ ಸಲ ಇಳಿದವರು ಏದುಸಿರು ಬಿಡುತ್ತ ರಿಸೀವರ್ ಮುಂದೆ ಕುಸಿದು ಕೂತರು. ಆಗ ಕಂಡಿತು: ರಿಮೋಟ್‌ನ ಸಿಗ್ನಲ್ ಹಿಡಿಯುವ ಅದರ ಸೆನ್ಸರ್‌ನ ಕೆಂಪು ಕಣ್ಣಿನ ಮೇಲೆ ಮೂರು ಬೆರಳಿನ ವಿಭೂತಿ ದಪ್ಪಗೆ ಒಣಗಿತ್ತು.

ಒರೆಸಲು ಕೈ ಎತ್ತಿದರು.

"ವಚನ ಮುಗೀಲಿ ತಮ್ಮಾ, ಆಮ್ಯಾಲೆ ಒರಸು," ಎಂದಳು ಅಜ್ಜಿ.

ಓಣಿಯವರೆಲ್ಲ ಕೈಮುಗಿದು ಕೂತರು.

"ಸೆನ್ಸರ್ ಬಿಟ್ಟು ಹಚ್ರಿ ಪಪ್ಪಾ," ಎಂದಳು ಇವತ್ತು ನನ್ನ ಮಗಳು. ಟಿವಿಯಲ್ಲಿ ನನಗೆ ಬೇಕಾದದ್ದೇ ನಡೆದಿತ್ತು. ಸರಿಯಾಗಿ ಸೆನ್ಸರ್ ಮೇಲೆಯೇ ಹಚ್ಚಿದೆ.