ಅಣ್ಣನ ಗಾಡಿಯ ಕೆಂಪು ದೀಪ

ಮೊನ್ನೆ ಚನ್ನಪಟ್ಟಣದ ನಮ್ಮ ಬೊಂಬೆ ಕಾರ್ಖಾನೆಯಲ್ಲಿ ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಅಣ್ಣನ ಹಳೆಯ ಪಿಕಪ್ಪಿನ ಬಾನೆಟ್ಟು ಕಣ್ಣ ಮುಂದೆ ತೆರೆದುಕೊಂಡಿತು. ಅದರೊಳಗೆ ಏನಿತ್ತೆಂದು ನಿಮಗೂ ಹೇಳುತ್ತೇನೆ.

ಬಿಡದಿ ಕಡೆ ಎಲ್ಲಿ ನೋಡಿದರೂ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಅಣ್ಣ ಆ ಪಿಕಪ್ಪಿನಲ್ಲಿ ಅವುಗಳಿಗೆ ಸಾಮಾನು ಸಾಗಿಸುತ್ತಿದ್ದ. ಆಯುಧಪೂಜೆಗೆ ಗಾಡಿ ಸಿಂಗರಿಸುವುದು ನನ್ನ ಕೆಲಸ. ಏಳನೇ ಕ್ಲಾಸಿಗೇ ಓದು ಬಿಟ್ಟವಳಾದರೂ ಬಣ್ಣದ ವಿಷಯದಲ್ಲಿ ನಾನು ದೊಡ್ಡ ಎಂಜಿನಿಯರ್. ಎಲ್ಲರೂ ಹೊರಗೆ ಬಳಿದರೆ ನಾನು ಬಾನೆಟ್ಟಿನ ಒಳಗೂ ಬಳಿದೆ. ಬ್ಯಾಟರಿಗೆ ಎಷ್ಟು ಕರೆಂಟು ಹೋಗಬೇಕೆಂದು ನೋಡಿಕೊಳ್ಳುವ ಪುಟ್ಟ ಪೆಟ್ಟಿಗೆ ಒಂದಿರುತ್ತದೆ, ಕಟೌಟ್ ಅನ್ನುತ್ತಾರೆ. ಅದನ್ನೂ ಬಿಚ್ಚಿ, ತಳಕ್ಕೆ ಎರಡು ಕೋಟು ಬಣ್ಣ ಕೊಟ್ಟು, ಮತ್ತೆ ಬಿಗಿದೆ.

ಹಬ್ಬ ಕಳೆದ ಮೇಲೆ, ಬ್ಯಾಟರಿಗೆ ಕರೆಂಟು ಹೋಗದಿದ್ದರೆ ಸ್ಟೇರಿಂಗಿನ ಮುಂದೆ ಹತ್ತುವ ಕೆಂಪು ಚಾರ್ಜಿಂಗ್ ದೀಪದ ಆಟ ಶುರುವಾಯಿತು. ಮಾಗಡಿ ರಸ್ತೆಯ ಒಂದು ಗುಂಡಿಗೆ ಹತ್ತುತ್ತಿತ್ತು, ಮುಂದಿನ ಗುಂಡಿಗೆ ಆರುತ್ತಿತ್ತು. ರಾಮನಗರದ ಎಲೆಕ್ಟ್ರಿಷಿಯನ್ ಸಾದಿಕ್ ನಮ್ಮಣ್ಣನ ಜೊತೆ ಓದಿದವನು. ಅವನ ಅಂಗಡಿ ಮುಂದೆ ನಿಂತರೆ ಮಾತ್ರ ಗಾಡಿ ಸಾಧು ಹಸು. ಅವನು ಬೆಲ್ಟು ಬಿಗಿದ, ಕೊನೆಗೆ ಕರೆಂಟು ಹುಟ್ಟಿಸುವ ಡೈನಮೋವನ್ನೇ ಹೊಸದು ಹಾಕಿದ. ದೀಪ ಮತ್ತೆ ಹತ್ತಿತು. ದಾರಿಯಲ್ಲಿ ಬ್ಯಾಟರಿ ಸತ್ತು ಫ್ಯಾಕ್ಟರಿಯವರಿಂದ ಬೈಸಿಕೊಂಡ ದಿನ, ಅಣ್ಣ ಸೀದಾ ಅವನಂಗಡಿಗೆ ಹೋಗಿ ಗಿರಾಕಿಗಳ ಎದುರೇ, “ಹಳೇದ್ನ ಉಜ್ಜಿ ಹೊಸದು ಅಂತ ಹಾಕ್ಬುಟ್ಟಿದ್ದೀಯ ಕಣ್ಲಾ” ಅಂದುಬಿಟ್ಟ. ಇನ್ನು ಮೇಲೆ ಇಲ್ಲಿ ಗಾಡಿ ನಿಲ್ಲಿಸಬೇಡ ಎಂದಷ್ಟೇ ಹೇಳಿ ಸಾದಿಕ್ ಒಳಗೆ ಹೋದನಂತೆ.

ಆ ಭಾನುವಾರ ನಾನೂ ಅಣ್ಣನೂ ಹುಡುಕಲು ನಿಂತೆವು. ಈಗ ನೆನೆದರೂ ಮೈ ಜುಂ ಅನ್ನುತ್ತದೆ. ಅವನು ಸೀಟಿನಲ್ಲಿ ಕೂತು ಎಂಜಿನ್ ಓಡಿಸುತ್ತ, ಹತ್ತಿದ ದೀಪ ಯಾವಾಗ ಆರುತ್ತದೆಂದು ಕಾಯುತ್ತಿದ್ದ. ನಾನು ಒಂದೊಂದೇ ವೈರು ಅಲುಗಿಸುತ್ತಿದ್ದೆ.

“ಈಗ?”

“ಇಲ್ಲ ಕಣಮ್ಮಿ.”

ಕಟೌಟ್ ಪೆಟ್ಟಿಗೆಯನ್ನು ಒಂದಿಷ್ಟು ಅದುಮಿದೆ.

“ಆರೋಯ್ತು. ಬುಡು... ಹತ್ತಿತು. ಇನ್ನೊಂದ್ಸಲ ಅದುಮಮ್ಮಿ, ಇನ್ನೊಂದ್ಸಲ!”

ನನ್ನ ಎದೆ ಎಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಪೆಟ್ಟಿಗೆಗೂ ಎಂಜಿನ್ನಿಗೂ ತುಂಡು ವೈರು ಮುಟ್ಟಿಸಿದೆ. ದೀಪ ಆರಿತು, ಎಷ್ಟು ಕುಲುಕಿದರೂ ಹತ್ತಲಿಲ್ಲ. ಅಂದರೆ ಪೆಟ್ಟಿಗೆಗೆ ಗಾಡಿಯ ಕಬ್ಬಿಣ ತಾಗುತ್ತಿಲ್ಲ, ಕರೆಂಟು ಹಿಂದಿರುಗುವ ದಾರಿ, ಅಂದರೆ ಅರ್ತ್, ಸಿಗುತ್ತಿಲ್ಲ. ಕುಣಿಯುತ್ತಲೇ ಸ್ಕ್ರೂ ಬಿಚ್ಚಿದೆ. ಅಡಿಯಲ್ಲಿ ಕಬ್ಬಿಣ ತಾಗದಂತೆ ನಾನೇ ಬಳಿದ ಕೆಂಪು ಬಣ್ಣ ಗಾಜಿನ ಹಾಗೆ ಹೊಳೆಯುತ್ತಿತ್ತು.

“ಏನೈತಮ್ಮಿ?” ಅಣ್ಣ ಸೀಟಿನಿಂದಲೇ ಕೇಳಿದ.

“ತುಕ್ಕು ಕಣಣ್ಣ” ಅಂದೆ. ಅವನು ಇಳಿದು ಬರುವುದರೊಳಗೆ ಬಣ್ಣವನ್ನೆಲ್ಲ ಕೆರೆದು ಊದಿಬಿಟ್ಟೆ.

ತುಕ್ಕು ಕಾಣದ ಸಾದಿಕ್ ಎಂಥ ಮೆಕ್ಯಾನಿಕ್ಕು, ನನ್ನ ತಂಗಿ ನೋಡಿ ಎಂದು ಅಣ್ಣ ಊರೆಲ್ಲ ಹೇಳಿಕೊಂಡು ಬಂದ. ನಾನು ಹಿಗ್ಗಿದೆ. ಅವರಿಬ್ಬರೂ ಮತ್ತೆ ಮಾತಾಡಲಿಲ್ಲ. ರಾಮನಗರ ದಾಟುವಾಗ ಎಡಗಡೆ ಆ ಅಂಗಡಿ ಬಂದರೆ ಅಣ್ಣ ಬಲಗಡೆ ನೋಡುತ್ತಿದ್ದ, ನಾನು ಮಡಿಲು ನೋಡಿಕೊಳ್ಳುತ್ತಿದ್ದೆ.

ಮೊನ್ನೆ ಸಂಜೆ ಅಣ್ಣ ಈಗಿನ ಗಾಡಿಯಲ್ಲಿ ನನ್ನನ್ನು ಕರೆದೊಯ್ಯಲು ಬಂದ. ಕೆಂಗಲ್ ಬರುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದ್ದೆ. ಅವನು ಬೈಯಲಿಲ್ಲ. ನಮ್ಮೂರಿನ ತಿರುವು ಬಿಟ್ಟು ನೇರ ರಾಮನಗರಕ್ಕೆ ಹೊಡೆದ. “ನೀನೇ ಹೇಳ್ಬೇಕು ಅವನ್ಗೆ” ಅಂದ.

ಹೇಳಿದೆ. ಸಾದಿಕಣ್ಣನ ಗಡ್ಡ ನರೆತಿತ್ತು. ಅವನು ನನ್ನ ಕಡೆ ನೋಡದೆ ಅಣ್ಣನನ್ನೇ ಕೇಳಿದ: “ಡೈನಮೋ ಹೊಸದೇ ಅಂದಿರ್ಲಿಲ್ವೇನ್ಲಾ ನಾನು?”

“ಅಂದಿದ್ದೆ ಕಣ್ಲಾ ನೀನು.” ಅಣ್ಣ ತಲೆ ತಗ್ಗಿಸಿದ.

ಸಾದಿಕಣ್ಣ ಕೈ ಒರೆಸಿಕೊಂಡ. ಆಮೇಲೆ ಯಾರೂ ಕೇಳದೆಯೇ ನಮ್ಮ ಗಾಡಿಯ ಬಾನೆಟ್ಟು ಎತ್ತಿ, ಒಳಗೆ ಬಗ್ಗಿ ನೋಡಿದ.

“ಇದಕ್ಕೂ ಬಳ್ದಿದ್ದೀಯೇನಮ್ಮ?”